ಕಾರು ಅಪ್ಪನಿಗೆ ಹೇಳಿದ್ದು

ಅಪ್ಪ ನನ್ನನ್ನು ಎಂದೂ "ಎಲ್ಲಿದ್ದೆ" ಎಂದು ಕೇಳಿದವನಲ್ಲ; ನಮ್ಮ ಕಡೆ ಎಲ್ಲಿದ್ದೀಯ ಎನ್ನುವುದಕ್ಕೂ ಅದೇ ಮಾತು. ಮೂವತ್ತೊಂದು ವರ್ಷ ಸರ್ಕಾರಿ ಬಸ್ಸು ಓಡಿಸಿದ ಮನುಷ್ಯ. ಹೊರಟ ಹೊತ್ತು, ಮುಟ್ಟಿದ ಹೊತ್ತು ಗೊತ್ತಿದ್ದರೆ ನಡುವಿನದನ್ನು ತಾನೇ ಊಹಿಸಿಕೊಳ್ಳುತ್ತಿದ್ದ. ಓದುವ ಕಾಲದಲ್ಲಿ ನಾನು ಮನೆಗೆ ಬರುವುದು ತಡವಾದರೆ "ಬಿಣಗಾದಲ್ಲಿ ಲಾರಿ ನಿಂತಿತ್ತಾ?" ಎನ್ನುತ್ತಿದ್ದ, ಅಷ್ಟೇ. ನಾನು ಮಾತು ಕಡಿಮೆಯವಳಾಗಿ ಬೆಳೆದದ್ದಕ್ಕೆ ಇದೂ ಒಂದು ಕಾರಣ ಇರಬಹುದು. ಯಾರೂ ಕೇಳದ ಮನೆಯಲ್ಲಿ ಹೇಳುವ ಅಭ್ಯಾಸವೇ ಆಗುವುದಿಲ್ಲ.

ನಮ್ಮ ಮನೆ ಅಂಕೋಲೆಯಲ್ಲಿ. ನಾನು ಕಾರವಾರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಮೊದಲು ಸ್ಕೂಟರಿನಲ್ಲಿ ಹೋಗಿ ಬರುತ್ತಿದ್ದೆ. ಕಳೆದ ಮಳೆಗಾಲದಲ್ಲಿ ಹಾರವಾಡದ ಹತ್ತಿರ ಟ್ಯಾಂಕರಿನ ಚಕ್ರ ಎರಚಿದ ನೀರು ಮುಖಕ್ಕೆ ಬಡಿದು, ಸ್ಕೂಟರ್ ಸಮೇತ ರಸ್ತೆ ಬದಿಯ ಕೆಸರಿಗೆ ಬಿದ್ದೆ. ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಮರುವಾರವೇ ಅಪ್ಪ ನನ್ನನ್ನು ಕಾರಿನ ಶೋರೂಮಿಗೆ ಕರೆದೊಯ್ದ. ಕಾರು ನನ್ನ ಹೆಸರಿನಲ್ಲಿ ಬಂತು. ಮೊಬೈಲ್ ನಂಬರು ಕೇಳಿದಾಗ ಮಾತ್ರ ಅಪ್ಪ ತನ್ನದನ್ನು ಹೇಳಿದ. ಗ್ಯಾಸು, ಕರೆಂಟು, ನನ್ನ ಪರೀಕ್ಷೆಗಳ ಅರ್ಜಿ, ಎಲ್ಲಕ್ಕೂ ನಮ್ಮ ಮನೆಯಲ್ಲಿ ಅದೊಂದೇ ನಂಬರು. ನಾನು ಪಕ್ಕದಲ್ಲೇ ನಿಂತಿದ್ದೆ. ಏನೂ ಅನ್ನಿಸಲಿಲ್ಲ.

ಆ ಸಂಜೆ ಅಪ್ಪ ಜಗಲಿಯಲ್ಲಿ ಕೂತು ಫೋನನ್ನು ದೂರ ಹಿಡಿದುಕೊಂಡು ನನ್ನನ್ನು ಕರೆದ.

"ಇಲ್ಲಿ ನೋಡು ತಂಗೀ." ನಮ್ಮ ಕಡೆ ಮಗಳನ್ನು ಹಾಗೆ ಕರೆಯುವುದುಂಟು. "ನಿನ್ನ ಕಾರು. ಹೊರಟ್ರೆ ಹೊರಟದ್ದು, ನಿಂತ್ರೆ ನಿಂತದ್ದು, ಗಕ್ಕನೆ ಬ್ರೇಕ್ ಹಾಕಿದ್ರೆ ಅದೂ ಬರ್ತದೆ."

ಕಾರಿನ ಕಂಪನಿಯ ಆ್ಯಪಿನ ನಕ್ಷೆಯ ಮೇಲೆ, ನಮ್ಮ ಮನೆಯ ಜಾಗದಲ್ಲಿ, ಒಂದು ನೀಲಿ ಚುಕ್ಕೆ ಇತ್ತು.

"ಹೌದ್ರಾ," ಅಮ್ಮ ಒಳಗಿನಿಂದಲೇ ಅಂದಳು, "ನೀವು ರಿಟೈರ್ ಆದ್ರೂ ಡಿಪೋ ನಿಮ್ಮನ್ನ ಬಿಡ್ಲಿಲ್ಲ. ಈಗ ಮನೆಗೇ ತಂದು ಕೂರ್ಸ್ಕೊಂಡ್ರಿ."

"ಒಳ್ಳೇದೇ ಅಲ್ವಾ? ರಸ್ತೆ ಮೇಲೆ ಎಲ್ಲಾದ್ರೂ ಸಿಕ್ಕಿಹಾಕ್ಕೊಂಡ್ರೆ ನಮ್ಗೆ ಹೆಂಗೆ ಗೊತ್ತಾಗೂದು?"

"ನಾ ಅಡಿಗೆಮನೇಲಿ ನಿಂತದ್ದು ತೋರ್ಸೂಕೆ ಎಂತಾರೂ ಅದ್ಯಾ ಅದ್ರಲ್ಲಿ?"

ಅಪ್ಪ ನಕ್ಕ. ಆಮೇಲೆ ಕಾರಿನೊಳಗೆ ಕೂತು ಸ್ಟೀರಿಂಗಿನ ಮೇಲಿನ ಗುಂಡಿಗಳನ್ನು ಒಂದೊಂದಾಗಿ ಒತ್ತಿ, ವೇಗಕ್ಕೆ ಮಿತಿ ಹಾಕುವ ವ್ಯವಸ್ಥೆಯನ್ನು ಹುಡುಕಿ ತೆಗೆದ. "ಅರವತ್ತು ಇಟ್ಟಿದ್ದೆ. ಅದ್ರ ಮೇಲೆ ಹೋಗೂದಿಲ್ಲ ಇದು."

ಅರವತ್ತು ಎಂದಾಗ ಅಮ್ಮ ಬಾಗಿಲಿಗೆ ಬಂದು ಒಮ್ಮೆ ಇಣುಕಿ ಹೋದಳು.

ಆ ಸಂಖ್ಯೆಗೆ ನಮ್ಮ ಮನೆಯಲ್ಲಿ ಒಂದು ಚರಿತ್ರೆ ಇದೆ. ನಾನು ಹದಿಮೂರು ವರ್ಷದವಳಿದ್ದಾಗ ನನ್ನ ಅಜ್ಜಿ, ಅಪ್ಪ ಆಯಿ ಎಂದು ಕರೆಯುತ್ತಿದ್ದ ಅವನ ತಾಯಿ, ಕದ್ವಾಡದಲ್ಲಿ ತೀರಿಕೊಂಡಳು. ಅಲ್ಲಿ ಅಪ್ಪನ ಅಕ್ಕನ ಮನೆ. ಅಜ್ಜಿ ಕೊನೆಯ ದಿನಗಳಲ್ಲಿ ಅತ್ತೆಯ ಹತ್ತಿರ ಇದ್ದಳು. ಸುದ್ದಿ ಬಂದಾಗ ಅಪ್ಪ ಹುಬ್ಬಳ್ಳಿಯಿಂದ ಕಾರವಾರಕ್ಕೆ ಬರುವ ಬಸ್ಸಿನಲ್ಲಿದ್ದ, ಯಲ್ಲಾಪುರದಲ್ಲಿ. ಬದಲಿ ಡ್ರೈವರ್ ಇರಲಿಲ್ಲ. ಬಸ್ಸಿಗೆ ಅರವತ್ತಕ್ಕೆ ಗವರ್ನರ್ ಕೂಡಿಸಿತ್ತು, ಅಂದರೆ ಎಷ್ಟು ಒತ್ತಿದರೂ ಅದಕ್ಕಿಂತ ಜೋರಾಗಿ ಓಡದಂತೆ ತಡೆಯುವ ಯಂತ್ರ. ಅದರ ವಯರ್ ಕಿತ್ತು ಓಡಿಸುವವರು ಇದ್ದರಂತೆ. ಅಪ್ಪ ಕೀಳಲಿಲ್ಲ. ಕದ್ವಾಡಕ್ಕೆ ಬಂದಾಗ ಸಂಜೆಯಾಗಿ, ಚಿತೆಗೆ ಅತ್ತೆಯ ಗಂಡ ಬೆಂಕಿ ಇಟ್ಟಾಗಿತ್ತು. ಅಂಗಳದ ತುಂಬ ಜನರಿದ್ದರು. ಅವರೆದುರಿಗೆ ಅತ್ತೆ ಕೇಳಿದಳು: "ಆಯಿಗೂ ಅರವತ್ತೇಯಾ?"

"ಬಸ್ಸಲ್ಲಿ ಐವತ್ತೆರಡು ಜನ ಇದ್ರು" ಎಂದ ಅಪ್ಪ.

ಅದೇ ಅವರಿಬ್ಬರ ಕೊನೆಯ ಮಾತು. ಹನ್ನೆರಡು ವರ್ಷ ಅವರು ಒಬ್ಬರ ಮನೆಗೆ ಒಬ್ಬರು ಹೋಗಲಿಲ್ಲ.

ನಾನು ಹೋಗುತ್ತಿದ್ದೆ. ಸ್ಕೂಟರಿನ ಕಾಲದಿಂದ, ಎರಡು ವರ್ಷಗಳಿಂದ, ಪ್ರತಿ ಗುರುವಾರ. ಒಂದು ದಿನ ಕಾರವಾರದ ಬಸ್ ನಿಲ್ದಾಣದಲ್ಲಿ ಹೆಂಗಸೊಬ್ಬಳು ನನ್ನ ತೋಳು ಮುಟ್ಟಿ, "ಬಾಯೀ, ಇದು ಕದ್ವಾಡದ ಬಸ್ಸೇ ಹೌದಾ?" ಎಂದು ಕೇಳಿದಳು. ಬಸ್ಸಿನ ಬೋರ್ಡು ಎದುರಿಗೇ ಇತ್ತು. ನಾನು ಅತ್ತೆಯನ್ನು ಗುರುತಿಸಿದೆ. ಅವಳು ನನ್ನನ್ನು ಗುರುತಿಸಲಿಲ್ಲ. ಕಣ್ಣಿನ ಪೊರೆ ಅಷ್ಟು ಬೆಳೆದಿತ್ತು. ಯಾರೆಂದು ಹೇಳಿ, ಸ್ಕೂಟರಿನ ಮೇಲೆ ಅವಳನ್ನು ಮನೆಗೆ ಬಿಟ್ಟೆ. ಆಮೇಲೆ ಆಪರೇಶನ್ ಆಯಿತು, ನೋಟ ಬಂತು. ಆದರೆ ಸೂಜಿಗೆ ದಾರ ಪೋಣಿಸುವಷ್ಟು ಬರಲಿಲ್ಲ. ಅತ್ತೆ ರವಿಕೆ ಹೊಲಿಯುವವಳು. ಮಶೀನು ಹೇಗೋ ನಡೆಯುತ್ತದೆ, ಹುಕ್ಕು ಮತ್ತು ಅಂಚು ಕೈಯಲ್ಲೇ ಆಗಬೇಕು. ಆದ್ದರಿಂದ ಗುರುವಾರ ನಾನು ಹೋಗಿ ಹದಿನೈದಿಪ್ಪತ್ತು ಸೂಜಿಗಳಿಗೆ ದಾರ ಪೋಣಿಸಿ, ಬಣ್ಣಕ್ಕೆ ತಕ್ಕಂತೆ ಒಂದು ದಪ್ಪ ಬಟ್ಟೆಗೆ ಸಾಲಾಗಿ ಚುಚ್ಚಿಟ್ಟು ಬರುತ್ತಿದ್ದೆ. ಅದು ಅವಳಿಗೆ ಒಂದು ವಾರಕ್ಕೆ ಸಾಕು.

ಅವಳದೊಂದು ಷರತ್ತು ಇತ್ತು, ಅಪ್ಪನಿಗೆ ತಿಳಿಯಬಾರದು. "ಅವಂಗೆ ಗೊತ್ತಾಗೂಕಾಗ. ಗೊತ್ತಾದ್ರೆ ನಾನೇ ಕರ್ಸ್ಕೊಂಡೆ, ಸೋತೆ ಅಂತ ತಿಳೀತಾನೆ. ಆ ದಿನ ಈ ಬಾಗ್ಲು ನಿಂಗೂ ಮುಚ್ಚಿತು ಅಂದ್ಕೋ."

ಅತ್ತೆ ಹೇಳಿದ್ದನ್ನು ಮಾಡುವವಳು ಎಂಬುದಕ್ಕೆ ಹನ್ನೆರಡು ವರ್ಷಗಳ ಸಾಕ್ಷಿ ಇತ್ತು.

ಕಾರು ಬಂದ ಮೇಲೆ ನನಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಅಪ್ಪನಿಗೆ ಹೇಳಿ ನಂಬರು ತೆಗೆಸಬಹುದಿತ್ತು. ಏಕೆ ಎಂದು ಅವನು ಕೇಳುತ್ತಿರಲಿಲ್ಲ. ಕೇಳದೆ ತೆಗೆಯುತ್ತಿದ್ದ, ಆಮೇಲೆ ಆ ಏಕೆ ಎಂಬುದು ನಮ್ಮಿಬ್ಬರ ನಡುವೆ ಊಟದ ಹೊತ್ತಿನಲ್ಲಿ ಕೂತಿರುತ್ತಿತ್ತು. ಹಾಗಾಗಿ ಗುರುವಾರ ಕಾರನ್ನು ಕಾಲೇಜಿನಲ್ಲೇ ನಿಲ್ಲಿಸಿ, ಶಿರವಾಡದವರೆಗೆ ಬಸ್ಸು, ಅಲ್ಲಿಂದ ಆಟೋ ಹಿಡಿದು ಹೋಗತೊಡಗಿದೆ. ನನ್ನ ಸ್ವಂತ ಕಾರಿನಿಂದ ತಲೆಮರೆಸಿಕೊಂಡು ಓಡಾಡುತ್ತಿದ್ದೇನೆ ಎಂದು ಆಟೋದಲ್ಲಿ ಕೂತಾಗ ಅನ್ನಿಸುತ್ತಿತ್ತು. ನಾನು ಮಾಡುತ್ತಿದ್ದದ್ದು ಸೂಜಿಗೆ ದಾರ ಪೋಣಿಸುವ ಕೆಲಸ.

ಒಮ್ಮೆ ಆ ಆ್ಯಪಿನ ನಿಯಮಗಳನ್ನು ಪೂರ್ತಿ ಓದಿದೆ. ಕಾರು ಎಲ್ಲಿ ಹೋಯಿತು, ಎಷ್ಟು ವೇಗದಲ್ಲಿ, ಬ್ರೇಕು ಹೇಗೆ ಬಿತ್ತು, ಇವೆಲ್ಲ ಕಂಪನಿಗೆ ಹೋಗುತ್ತವೆ, ಕಂಪನಿಯಿಂದ "ಪಾಲುದಾರರಿಗೆ". ಪಾಲುದಾರರು ಯಾರೆಂದು ಎಲ್ಲಿಯೂ ಇರಲಿಲ್ಲ. ದಿನವೂ ಅರ್ಗಾ ದಾಟುವಾಗ ನೌಕಾನೆಲೆಯ ಉದ್ದ ಗೋಡೆ ಸಿಗುತ್ತದೆ, ಅದರ ಮೇಲೆ ಫೋಟೋ ತೆಗೆಯಬಾರದೆಂಬ ಫಲಕಗಳು. ಚಿಕ್ಕಂದಿನಿಂದ ನಾವೆಲ್ಲ ಆ ಗೋಡೆಯ ಕಡೆ ಕ್ಯಾಮೆರಾ ತಿರುಗಿಸದೆ ಬೆಳೆದವರು. ಈಗ ಅದೇ ಗೋಡೆಯ ಬದಿಯಲ್ಲಿ ನಾನು ಎಷ್ಟು ಹೊತ್ತಿಗೆ ಹಾದುಹೋದೆ ಎಂಬುದನ್ನು ನನ್ನ ಕಾರು ಗೊತ್ತಿಲ್ಲದ ಊರಿಗೆ ಕಳಿಸುತ್ತಿತ್ತು. ಅಪ್ಪ ನೋಡುವುದು ನನಗೆ ಹೆಚ್ಚು ಕಸಿವಿಸಿಯೋ, ಗುರುತಿಲ್ಲದವರು ನೋಡುವುದೋ? ಎಷ್ಟು ಯೋಚಿಸಿದರೂ ಉತ್ತರ ಅಪ್ಪನ ಕಡೆಗೇ ವಾಲುತ್ತಿತ್ತು. ಅದು ಸರಿಯೆಂದು ಮಾತ್ರ ಅನ್ನಿಸಲಿಲ್ಲ.

ಈ ಮಳೆಗಾಲದ ಒಂದು ಗುರುವಾರ ನಾನು ಹೋದಾಗ ಅತ್ತೆ ಮಶೀನಿನ ಮುಂದೆ ಸುಮ್ಮನೆ ಕೂತಿದ್ದಳು. ಬೆಳಿಗ್ಗೆಯಿಂದ ಬಲಗಣ್ಣಿನ ಮುಂದೆ ಜೇಡರಬಲೆ ಹಾರಾಡುತ್ತದೆ ಎಂದಳು. ಆಪರೇಶನ್ ಮಾಡಿದ ಡಾಕ್ಟರಿಗೆ ಫೋನು ಮಾಡಿದೆ. ಅವರು ಗುರುವಾರ ಅಂಕೋಲೆಯ ಆಸ್ಪತ್ರೆಯಲ್ಲಿ ಕೂರುತ್ತಾರೆ. ಇವತ್ತೇ ಕರೆದುಕೊಂಡು ಬನ್ನಿ, ನಾಳೆಗೆ ಬಿಡಬೇಡಿ ಎಂದರು. ಮಾವ ದೋಣಿಗೆ ಹೋಗಿದ್ದ. ನಾನು ಆಟೋದಲ್ಲಿ ವಾಪಸು ಕಾಲೇಜಿಗೆ ಹೋಗಿ ಕಾರು ತಂದೆ.

ಅತ್ತೆಗೆ ಮೊದಲೇ ಹೇಳಿಬಿಡುವುದು ನ್ಯಾಯವೆನ್ನಿಸಿತು. "ಅತ್ತೆ, ಈ ಕಾರು ಎಲ್ಲಿ ಹೋದ್ರೂ ಅಪ್ಪನ ಫೋನಿನಲ್ಲಿ ಕಾಣ್ತದೆ."

ಬಾಗಿಲಿಗೆ ಕೈ ಹಾಕಿದ್ದವಳು ಕೈ ತೆಗೆದಳು. "ಚಾಡಿ ಹೇಳ್ತದ್ಯಾ ಇದು? ಹಂಗಾರೆ ನಾ ಹತ್ತೂದಿಲ್ಲ."

"ಡಾಕ್ಟರು ಇವತ್ತೇ ಅಂದಿದ್ದಾರೆ."

"ನಾ ಒಳಗೆ ಕೂತದ್ದೂ ಕಾಣ್ತದ್ಯಾ?"

"ಇಲ್ಲ. ಕಾರು ಎಲ್ಲಿದೆ ಅನ್ನೋದು ಮಾತ್ರ." ಹೇಳಿದ ಮೇಲೆ ಸೀಟಿನಲ್ಲಿ ಯಾರಾದರೂ ಕೂತಿದ್ದಾರೆಯೇ ಎಂಬುದು ಕಾರಿಗೆ ತಿಳಿಯುತ್ತದೆ ಎಂಬುದು ನೆನಪಾಯಿತು, ಬೆಲ್ಟ್ ಹಾಕದಿದ್ದರೆ ಅದು ಕೂಗುತ್ತದಲ್ಲ. "ನನಗೆ ಸರಿಯಾಗಿ ಗೊತ್ತಿಲ್ಲ ಅತ್ತೆ."

"ಕಾಲೇಜಲ್ಲಿ ಕಲ್ಸ್ತೆ, ನಿನ್ನ ಕಾರಿನ ಬಾಯಿ ಎಷ್ಟು ದೊಡ್ಡದು ಅಂತ ನಿಂಗೇ ಗೊತ್ತಿಲ್ಲ." ಬೈದುಕೊಂಡೇ ಹತ್ತಿದಳು. ಕೂತ ಮೇಲೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

ಅಮದಳ್ಳಿಯ ಆಚೆ ರಸ್ತೆಯ ಕೆಲಸ ನಡೆಯುತ್ತಿದ್ದುದರಿಂದ ಒಂದೇ ಬದಿಯಲ್ಲಿ ಎರಡೂ ಕಡೆಯ ವಾಹನ ಬಿಟ್ಟಿದ್ದರು. ಮುಂದೆ ಒಂದು ಲಾರಿ ತೆವಳುತ್ತಿತ್ತು. ಎದುರು ಖಾಲಿ ಇದ್ದದ್ದು ನೋಡಿ ಬಲಕ್ಕೆ ತೆಗೆದೆ. ಲಾರಿಯ ಅರ್ಧ ಬರುವಷ್ಟರಲ್ಲಿ ಅದರ ಡ್ರೈವರನೂ ವೇಗ ಹೆಚ್ಚಿಸಿದ. ನನ್ನ ಕಾರಿನ ವೇಗ ಅರವತ್ತಕ್ಕೆ ಬಂದು ನಿಂತುಬಿಟ್ಟಿತು. ಒತ್ತಿದೆ. ಶಬ್ದವೂ ಬದಲಾಗಲಿಲ್ಲ. ತಿರುವಿನಲ್ಲಿ ಬಸ್ಸೊಂದು ಕಾಣಿಸಿತು.

"ಒತ್ತೇ ಮಾರಾಯ್ತಿ!"

"ಒತ್ತಿದ್ದೆ ಅತ್ತೆ, ಹೋಗ್ತಾ ಇಲ್ಲ!"

ಬ್ರೇಕು ತುಳಿದು ಲಾರಿಯ ಹಿಂದಕ್ಕೆ ಸೇರಿಕೊಂಡೆ. ಬಸ್ಸು ಹಾರ್ನು ಹಾಕುತ್ತ ಬದಿಯಲ್ಲೇ ಹೋಯಿತು.

"ಎಂತಾಯ್ತು ಇದ್ಕೆ?" ಎಂದಳು ಅತ್ತೆ.

"ಅಪ್ಪ ಅರವತ್ತಕ್ಕೆ ಕಟ್ಟಿಟ್ಟಿದ್ದಾನೆ."

ಅವಳು ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಅವರ್ಸಾ ದಾಟುವವರೆಗೂ ಮುಂದಿನ ಗಾಜನ್ನೇ ನೋಡುತ್ತಿದ್ದಳು. ಆಮೇಲೆ ಒಂದೇ ಮಾತು ಅಂದಳು: "ಒತ್ತಿದ್ರೂ ಹೋಗೂದಿಲ್ಲ ಅಂದ್ರೆ ಹಿಂಗಾ."

ಆಸ್ಪತ್ರೆಯಲ್ಲಿ ಅವಳ ಕಣ್ಣಿಗೆ ಪಾಪೆ ಅಗಲವಾಗುವ ಔಷಧಿ ಹಾಕಿ, ಮುಚ್ಚಿಕೊಂಡು ಕೂರಲು ಹೇಳಿದರು. ಬೆಂಚಿನ ಮೇಲೆ ಕೂತೆವು. ಫೋನುಗಳನ್ನು ಸುಮ್ಮನಾಗಿಸಿ ಎಂಬ ಬೋರ್ಡು ಇತ್ತು, ಸುಮ್ಮನಾಗಿಸಿದೆ. ಆ ಹೊತ್ತಿನಲ್ಲಿ ಅಪ್ಪನ ಫೋನು ಅವನಿಗೆ ಏನೇನು ಹೇಳಿತ್ತೆಂದು ಆಮೇಲೆ ತಿಳಿಯಿತು. ಕಾರು ಕದ್ವಾಡದಲ್ಲಿ ನಿಂತಿತ್ತು. ಅಮದಳ್ಳಿಯ ಆಚೆ ಗಕ್ಕನೆ ಬ್ರೇಕು ಬಿತ್ತು. ಈಗ ಕಾರು ಅಂಕೋಲೆಯ ಆಸ್ಪತ್ರೆಯ ಎದುರು ನಿಂತಿದೆ. ನನಗೆ ಹನ್ನೊಂದು ಸಲ ಫೋನು ಮಾಡಿದ್ದ.

ಬಾಗಿಲಲ್ಲಿ ಅವನು ಕಾಣಿಸಿಕೊಂಡಾಗ ನಾನು ಮೊದಲು ನೋಡಿದ್ದು ಅವನ ಕಾಲು. ಒಂದರಲ್ಲಿ ಅವನ ಚಪ್ಪಲಿ, ಇನ್ನೊಂದರಲ್ಲಿ ಅಮ್ಮನದು. ಅವನು ನನ್ನನ್ನು ತಲೆಯಿಂದ ಪಾದದವರೆಗೆ ನೋಡಿದ, ಯಾವುದೋ ಭಾಗ ಕಡಿಮೆ ಇರಬೇಕೆಂಬಂತೆ. ಆಮೇಲೆ ಪಕ್ಕದಲ್ಲಿ ಕೂತವಳನ್ನು ನೋಡಿದ. ಬಾಗಿಲ ಚೌಕಟ್ಟು ಹಿಡಿದುಕೊಂಡು ಅಲ್ಲೇ ನಿಂತ. ಒಮ್ಮೆ ಕೆಮ್ಮಿದ.

ಅತ್ತೆ ಕಣ್ಣು ಮುಚ್ಚಿಕೊಂಡೇ ಮುಖವನ್ನು ಆ ಕಡೆ ತಿರುಗಿಸಿದಳು. ಯಾರು ಎಂದು ಅವಳು ಕೇಳಿದರೆ ಏನು ಹೇಳುವುದೆಂದು ನನಗೆ ತಿಳಿಯಲಿಲ್ಲ. ಹೇಳಿದರೆ ಕದ್ವಾಡದ ಬಾಗಿಲು ಮುಚ್ಚುತ್ತದೆ. ಹೇಳದಿದ್ದರೆ, ಕಣ್ಣು ಕಾಣದ ಹೊತ್ತಿನಲ್ಲಿ ಅವಳಿಗೆ ಮೋಸ ಮಾಡಿದಂತಾಗುತ್ತದೆ. ಅವಳು ಕೇಳಲಿಲ್ಲ.

"ಅರವತ್ತರಲ್ಲೇ ಬಂದ್ಯಾ?" ಎಂದಳು.

ಅಪ್ಪ ಚೌಕಟ್ಟು ಬಿಡದೆ ಹೇಳಿದ. "ಆಟೋ. ಅದ್ಕೆ ಗವರ್ನರ್ ಇಲ್ಲ."

ಪಕ್ಕದಲ್ಲಿ ಕೂತಿದ್ದ ಅಜ್ಜ ಒಬ್ಬರು ನಮ್ಮ ಮೂವರನ್ನೂ ನೋಡಿದರು.

"ಕೂತ್ಕೋ ಅನ್ನು ಅವಂಗೆ," ಅತ್ತೆ ನನಗೆ ಹೇಳಿದಳು. "ನಾ ಈಗ ಕಣ್ಣು ತೆಗೆದ್ರೆ ಔಷಧಿಗೆ ಒಬ್ಬ ಇಬ್ರಾಗಿ ಕಾಣ್ತಾನೆ. ಒಬ್ಬನ್ನೇ ಹನ್ನೆರಡು ವರ್ಷ ತಡ್ಕೊಳ್ಳೂಕಾಗ್ಲಿಲ್ಲ."

ಅಪ್ಪ ನನ್ನ ಇನ್ನೊಂದು ಬದಿಗೆ ಕೂತ. "ಅವ್ಳ ಕಣ್ಣಿಗೆ ಎಂತಾಗದೆ ಕೇಳು."

"ಜೇಡರಬಲೆ ಅನ್ನು."

"ಎಷ್ಟು ದಿನದಿಂದ?"

"ಇವತ್ತಿಂದ ಅನ್ನು. ಕಾಲಿಗೆ ಎಂತ ಹಾಕ್ಕೊಂಡು ಬಂದಾನೆ ಅವ, ನಡೆದದ್ದು ಒಂದೊಂದು ಕಾಲು ಒಂದೊಂದು ನಮೂನೆ ಕೇಳ್ತು."

ನನ್ನ ಮೂಲಕವೇ ಮಾತಾಡಿದರು. ಇಬ್ಬರಿಗೂ ಕೇಳಿಸುತ್ತಿದ್ದ ಮಾತನ್ನು ನಾನು ಮತ್ತೆ ಹೇಳಬೇಕೋ ಬೇಡವೋ ಎಂದು ತಿಳಿಯದೆ ಮೊದಮೊದಲು ಎರಡು ವಾಕ್ಯ ಹೇಳಿದೆ, ಆಮೇಲೆ ಬಿಟ್ಟೆ. ಡಾಕ್ಟರು ಪರೀಕ್ಷಿಸಿ, ಹೆದರುವಂಥದ್ದೇನೂ ಇಲ್ಲ, ಬೆಳಕಿನ ಮಿಂಚು ಕಂಡರೆ ಕೂಡಲೇ ಬರಬೇಕು ಎಂದರು. ಹೊರಗೆ ಬಂದಾಗ ಅಪ್ಪ "ಬಿಟ್ಟು ಬಾ" ಎಂದಷ್ಟೇ ಹೇಳಿ, ಎರಡು ಬಗೆಯ ಚಪ್ಪಲಿಯಲ್ಲಿ ಮನೆಯ ಕಡೆ ನಡೆದ.

ಹಿಂದಿರುಗುವಾಗ ಹಾರವಾಡದಲ್ಲಿ ಅತ್ತೆ ಕೇಳಿದಳು. "ನೀನೇ ಕರ್ಸಿದ್ದಾ ಅವನ್ನ?"

"ಇಲ್ಲ ಅತ್ತೆ. ಕಾರು."

"ಕಾರಿಗೆ ಹೇಳು ಅಂತ ಹೇಳ್ದೋರು ಯಾರು?"

ಶೋರೂಮಿನಲ್ಲಿ ಸುಮ್ಮನೆ ನಿಂತಿದ್ದ ನಾನು ನೆನಪಾದೆ. ಮನೆಯ ಮುಂದೆ ಇಳಿದವಳು ಮುಂದಿನ ವಾರದ ಬಗ್ಗೆ ಏನೂ ಹೇಳಲಿಲ್ಲ. ಬಾಗಿಲು ಹಾಕಿಕೊಂಡಳು. ಆ ದಿನ ಸೂಜಿಗಳಿಗೆ ದಾರ ಪೋಣಿಸಿರಲಿಲ್ಲ ಎಂಬುದು ಕಾಳಿ ನದಿಯ ದಂಡೆ ಬಿಟ್ಟ ಮೇಲೆ ನೆನಪಾಯಿತು.

ಮನೆಗೆ ಬಂದಾಗ ಅಪ್ಪ ಜಗಲಿಯಲ್ಲಿ ಕನ್ನಡಕ ಹಾಕಿಕೊಂಡು ಕಾರಿನ ಜೊತೆ ಬಂದಿದ್ದ ಪುಸ್ತಕ ಓದುತ್ತಿದ್ದ. ಬ್ರೇಕು ಏಕೆ ಬಿತ್ತೆಂದು ಹೇಳಿದೆ. ಅವನು ಒಂದು ಪುಟದ ಮೇಲೆ ಬೆರಳಿಟ್ಟ.

"ಪೂರ್ತಿ ತಳಕ್ಕೆ ಒತ್ತಿದ್ರೆ ಮಿತಿ ಬಿಟ್ಟು ಹೋಗ್ತದಂತೆ. ಇಲ್ಲಿ ಬರ್ದದೆ. ನಾ ಓದಿರ್ಲಿಲ್ಲ." ಪುಟ ಮಗುಚಿದ. "ಬಸ್ಸಲ್ಲಿ ಹಂಗಿರ್ಲಿಲ್ಲ."

ಆ ಮಾತು ನನಗೆ ಹೇಳಿದ್ದಲ್ಲ ಎನ್ನಿಸಿತು.

"ಅಪ್ಪಾ, ನಾನು ಅಲ್ಲಿಗೆ ಹೋಗ್ತಿದ್ದೆ. ಎರಡು ವರ್ಷದಿಂದ."

"ಬೇಸ್ತವಾರ ಕಾರು ಕಾಲೇಜಲ್ಲಿ ಐದೂವರೆ ತನಕ ನಿಲ್ತಿತ್ತು. ಕ್ಲಾಸು ಮೂರಕ್ಕೇ ಮುಗೀತದೆ."

"ಮತ್ತೆ ಕೇಳಲಿಲ್ಲ ಯಾಕೆ?"

"ನೀ ಹೇಳ್ಲಿಲ್ಲ."

ಅಷ್ಟು ದಿನ ಅವನು ಏನೆಂದುಕೊಂಡಿದ್ದನೋ. ಕೇಳುವ ಧೈರ್ಯವಾಗಲಿಲ್ಲ. ಏನೂ ಹೇಳದೆ ನಿಂತಿರುವ ಚುಕ್ಕೆಯನ್ನು ವಾರ ವಾರ ಎರಡೂವರೆ ಗಂಟೆ ನೋಡುತ್ತ ಕೂತವನು ಅವನು. ನೋಡಿಸಿಕೊಂಡವಳು ನಾನು ಎಂದಷ್ಟೇ ನಾನು ಯೋಚಿಸಿದ್ದೆ.

"ಇದರಲ್ಲಿ ನಿನ್ನ ನಂಬರು ಬೇಡ," ಎಂದೆ. ಹೇಳುವುದು ಅಷ್ಟು ಸುಲಭವಿತ್ತು ಎಂದು ನನಗೇ ಆಶ್ಚರ್ಯವಾಯಿತು.

ಅವನು ಫೋನು ನನ್ನ ಕೈಗೆ ಕೊಟ್ಟ. "ನೀನೇ ತೆಗಿ. ನಂಗೆ ಬರೂದಿಲ್ಲ." ನಾನು ತೆಗೆಯುತ್ತಿರುವಾಗ ನೋಡಲಿಲ್ಲ, ರಸ್ತೆಯ ಕಡೆ ತಿರುಗಿ ಕೂತಿದ್ದ. ನನ್ನ ನಂಬರು ಹಾಕಿದೆ. ಕಂಪನಿಗೆ ಹೋಗುವುದನ್ನು ನಿಲ್ಲಿಸುವ ಗುಂಡಿಯನ್ನೂ ಹುಡುಕಿದೆ, ಸಿಗಲಿಲ್ಲ. ಅರವತ್ತರ ಮಿತಿಯನ್ನು ಎಂಬತ್ತಕ್ಕೆ ಏರಿಸಿದೆ. ಪೂರ್ತಿ ತೆಗೆದುಹಾಕಬಹುದಿತ್ತು. ಏಕೆ ತೆಗೆಯಲಿಲ್ಲವೋ.

ಮುಂದಿನ ಗುರುವಾರ ಕಾರಿನಲ್ಲೇ ಕದ್ವಾಡಕ್ಕೆ ಹೋದೆ. ಬಾಗಿಲು ಮುಚ್ಚಿದ್ದರೆ ಹಾಗೆಯೇ ತಿರುಗಿಸಿಕೊಂಡು ಬರುವುದೆಂದು, ಇಂಜಿನ್ ಆರಿಸದೆ ಅಂಗಳದ ಹೊರಗೆ ಸ್ವಲ್ಪ ಹೊತ್ತು ಕೂತೆ. ಬಾಗಿಲು ತೆರೆದೇ ಇತ್ತು. ಒಳಗಿನಿಂದ ಅತ್ತೆಯ ದನಿ ಬಂತು: "ಪೆಟ್ರೋಲ್ ಸುಡೂಕೆ ಬಂದ್ಯಾ? ಎರಡು ವಾರದ್ದು ಬಾಕಿ ಅದೆ ಇಲ್ಲಿ."

ಮೂರನೆಯ ಸೂಜಿಗೆ ದಾರ ಪೋಣಿಸುತ್ತಿದ್ದಾಗ ಫೋನು ಬಂತು. ಅಪ್ಪ. ಅವನು ಸುಮ್ಮಸುಮ್ಮನೆ ನನಗೆ ಫೋನು ಮಾಡುವವನಲ್ಲ.

"ಎಲ್ಲಿದ್ದೆ?" ಎಂದ.

ನನ್ನ ಬದುಕಿನಲ್ಲಿ ಮೊದಲ ಸಲ ಅವನು ಹಾಗೆ ಕೇಳಿದ್ದು. ನನಗೆ ಸಿಟ್ಟು ಬರಬೇಕಿತ್ತೇನೋ. ನಂಬರು ತೆಗೆಸಿದ್ದೇ ಇದಕ್ಕಲ್ಲವೇ. ನೀನು ಕೇಳಬೇಕಾಗಿಲ್ಲ ಎನ್ನಬಹುದಿತ್ತು. ಚುಕ್ಕೆ ಇದ್ದಿದ್ದರೆ ಅವನು ಕೇಳುತ್ತಲೇ ಇರಲಿಲ್ಲ ಎಂಬುದೂ ಹೊಳೆಯಿತು. ಅತ್ತೆಯ ಮುಖ ನೋಡಿದೆ, ಫೋನಿನ ದನಿ ಅವಳಿಗೂ ಕೇಳಿಸಿತ್ತು. ಅವಳು ಹುಕ್ಕು ಹೊಲಿಯುತ್ತಲೇ, ಫೋನಿಗೆ ಕೇಳುವಷ್ಟು ಜೋರಾಗಿ, ಆದರೆ ನನಗೆಂಬಂತೆ ಹೇಳಿದಳು:

"ಎಲ್ಲಿದ್ದೆ ಅಂತ ಹೇಳು. ಕಾರೇ ಹೇಳ್ಬೇಕಾ?"

"ಕದ್ವಾಡದಲ್ಲಿ," ಎಂದೆ.

"ಹ್ಞಾಂ," ಎಂದ ಅಪ್ಪ. ಇಬ್ಬರೂ ಫೋನು ಇಡಲಿಲ್ಲ. ಹೊರಗೆ, ಅಂಗಳದ ಬದಿಯಲ್ಲಿ ನನ್ನ ಕಾರು ನಿಂತಿತ್ತು. ಅದೂ ಅದೇ ಮಾತನ್ನು ಯಾರಿಗೋ ಹೇಳುತ್ತಿತ್ತು. ಯಾರಿಗೆ ಎಂದು ನನಗೆ ಈಗಲೂ ಗೊತ್ತಿಲ್ಲ.